ಹೊತ್ತು ಹೋದದ್ದು ಗೊತ್ತಾಗಬೇಕು

ಸಿನಿಮಾ ಚೆನ್ನಾಗಿತ್ತು ಅನ್ನುವುದಕ್ಕೆ ನಮ್ಮಲ್ಲಿ ಒಂದು ಸಿದ್ಧ ಮಾತಿದೆ: ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಹೊಗಳುವವರಿಗೂ ಸುಲಭ, ಹೊಗಳಿಸಿಕೊಂಡವರಿಗೂ ಖುಷಿ. ಬೆಲ್ಜಿಯಂನ ನಿರ್ದೇಶಕಿ ಶಾಂತಾಲ್ ಆಕರ್‌ಮನ್‌ಗೆ ಮಾತ್ರ ಈ ಹೊಗಳಿಕೆ ಒಗ್ಗುತ್ತಿರಲಿಲ್ಲ. ನಿಮ್ಮ ಆಯುಸ್ಸಿನಲ್ಲಿ ಎರಡು ಗಂಟೆ ಹೋಯಿತು, ಹೋದದ್ದು ನಿಮಗೆ ತಿಳಿಯಲೂ ಇಲ್ಲ ಅಂದರೆ ಯಾರೋ ಅದನ್ನು ಕದ್ದರು ಅಂತಲೇ ಅರ್ಥ, ಎಂಬುದು ಅವರ ವಾದ. ತಮ್ಮ ಚಿತ್ರದಲ್ಲಿ ಹೊತ್ತು ಹೋಗುವುದು ಗೊತ್ತಾಗಬೇಕು, ಮೈಗೆ ತಾಗಬೇಕು ಎಂದು ಅವರು ಕಡೆಯವರೆಗೂ ಹಟ ಹಿಡಿದರು.

ಆಕರ್‌ಮನ್ ತೀರಿಕೊಂಡು ಹತ್ತು ವರ್ಷ ದಾಟಿತು. ಅವರ ‘ಜಾನ್ ದೀಲ್ಮಾನ್’ ಚಿತ್ರಕ್ಕೆ ಐವತ್ತು ತುಂಬಿದೆ. ಈ ನಡುವೆ 2022ರ ಡಿಸೆಂಬರಿನಲ್ಲಿ ಒಂದು ಪಟ್ಟಾಭಿಷೇಕವೂ ನಡೆಯಿತು. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಸಮೀಕ್ಷೆ ನಡೆಸುತ್ತದೆ. 1,639 ಮಂದಿ ಮತ ಹಾಕಿದ ಆ ಸಲದ ಸಮೀಕ್ಷೆಯಲ್ಲಿ ಈ ಚಿತ್ರ ಮೊದಲ ಸ್ಥಾನಕ್ಕೆ ಬಂತು. 1952ರಲ್ಲಿ ‘ಬೈಸಿಕಲ್ ಥೀವ್ಸ್’, 1962ರಿಂದ 2002ರವರೆಗೆ ಸತತ ಐದು ಸಲ ‘ಸಿಟಿಜನ್ ಕೇನ್’, 2012ರಲ್ಲಿ ‘ವರ್ಟಿಗೊ’ ಕೂತಿದ್ದ ಪೀಠ ಅದು. ಹೆಂಗಸು ನಿರ್ದೇಶಿಸಿದ ಚಿತ್ರ ಅಲ್ಲಿ ಕೂತದ್ದು ಅದೇ ಮೊದಲು. ಹಿಂದಿನ ಸಲ 36ರಲ್ಲಿದ್ದ ಚಿತ್ರ ಒಂದೇ ನೆಗೆತಕ್ಕೆ ಒಂದಕ್ಕೆ ಬಂದದ್ದು ಹೇಗೆ ಎಂದು ಹಲವರು ಹುಬ್ಬೇರಿಸಿದರು. ಸಿನಿಮಾಕ್ಕಿಂತ ರಾಜಕೀಯಕ್ಕೆ ಬಿದ್ದ ಮತ ಎಂದವರೂ ಉಂಟು. ನನಗೆ ಆ ಜಗಳದಲ್ಲಿ ಆಸಕ್ತಿಯಿಲ್ಲ. ನನ್ನ ತಕರಾರು ಬೇರೆ. ಪಟ್ಟ ಕಟ್ಟಿದ ಮೇಲೆ ಕೈ ತೊಳೆದುಕೊಳ್ಳುವುದು ಸುಲಭ. ಒಂದು ಚಿತ್ರವನ್ನು ಅಟ್ಟಕ್ಕೇರಿಸಿದೆವು. ಅವರ ಉಳಿದ ನಲವತ್ತಕ್ಕೂ ಹೆಚ್ಚು ಚಿತ್ರಗಳನ್ನು ನೋಡುವ ಕೆಲಸದಿಂದ ಪಾರಾದೆವು. ಆ ಒಂದನ್ನಾದರೂ ನೋಡಿದವರೆಷ್ಟು, ನೋಡಿದೆ ಎಂದವರೆಷ್ಟು ಎಂಬ ಲೆಕ್ಕಕ್ಕೆ ಹೋಗುವುದು ಬೇಡ.

ಆಕರ್‌ಮನ್ ಹುಟ್ಟಿದ್ದು 1950ರ ಜೂನ್ 6ರಂದು, ಬ್ರಸೆಲ್ಸಿನಲ್ಲಿ, ಪೋಲೆಂಡಿನಿಂದ ಬಂದು ನೆಲೆಸಿದ ಯಹೂದಿ ಮನೆತನದಲ್ಲಿ. ತಾಯಿ ನತಾಲಿಯಾ, ಮನೆಯವರಿಗೆ ನೆಲ್ಲಿ, ಆಶ್‌ವಿಟ್ಸ್ ಯಾತನಾ ಶಿಬಿರದಿಂದ ಬದುಕಿ ಬಂದವರು. ತಾಯಿಯ ಅಪ್ಪ ಅಮ್ಮ ಬದುಕಿ ಬರಲಿಲ್ಲ. ಆ ಅಜ್ಜಿ ಚಿತ್ರ ಬರೆಯುತ್ತಿದ್ದರು, ಹದಿಹರೆಯದಲ್ಲಿ ದಿನಚರಿಯನ್ನೂ ಇಟ್ಟಿದ್ದರು. ಮನೆಯಲ್ಲಿ ಉಳಿದದ್ದು ಆ ದಿನಚರಿ ಒಂದೇ. ಶಿಬಿರದಲ್ಲಿ ಏನಾಯಿತೆಂದು ನೆಲ್ಲಿ ಬಾಯಿ ಬಿಟ್ಟು ಹೇಳಲಿಲ್ಲ. ಮನೆಗೆಲಸ ಮಾಡಿದರು, ಮಕ್ಕಳಿಗೆ ಬಡಿಸಿದರು, ಮಾತನ್ನು ಊಟದ ಕಡೆಗೆ ತಿರುಗಿಸಿದರು. ಮಗಳ ಸಿನಿಮಾಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ ಈ ಹೇಳದೆ ಉಳಿದ ಮಾತಿನ ಸುತ್ತಲೇ ಅವು ಸುತ್ತುತ್ತಿವೆ ಅನ್ನಿಸುತ್ತದೆ. ಕಡೆಯ ಕೆಲವು ವರ್ಷಗಳಲ್ಲಿ ಆಕರ್‌ಮನ್ ತಾವೇ ಇದನ್ನು ಒಪ್ಪಿಕೊಂಡರು.

ಹದಿನೈದನೆಯ ವಯಸ್ಸಿನಲ್ಲಿ ಫ್ರೆಂಚ್ ನಿರ್ದೇಶಕ ಗೊದಾರ್‌ನ ‘ಪಿಯರೋ ಲ ಫೂ’ ನೋಡಿ, ತಾನು ಮಾಡಬೇಕಾದದ್ದು ಇದೇ ಎಂದು ಆಕೆ ಅಂದೇ ತೀರ್ಮಾನಿಸಿದರು. ಬ್ರಸೆಲ್ಸಿನ ಸಿನಿಮಾ ಶಾಲೆಗೆ ಸೇರಿ ಕೆಲವೇ ತಿಂಗಳಲ್ಲಿ ಬಿಟ್ಟರು. 1968ರಲ್ಲಿ, ಹದಿನೆಂಟು ತುಂಬಿದ ವರ್ಷ, ಹದಿಮೂರು ನಿಮಿಷದ ಮೊದಲ ಚಿತ್ರ ‘ಸೋತ್ ಮಾ ವಿಲ್’ ಮಾಡಿದರು. ಸಿಡಿದುಹೋಗು ನನ್ನೂರೇ, ಎಂಬಂಥ ಹೆಸರು. ಹುಡುಗಿಯೊಬ್ಬಳು ಗುನುಗುತ್ತಾ ಮೆಟ್ಟಿಲು ಹತ್ತಿ ಮನೆಗೆ ಬರುತ್ತಾಳೆ. ಹುಡುಗಿಯಾಗಿ ನಟಿಸಿದ್ದು ಅವರೇ. ಅಡುಗೆಮನೆ ಬಾಗಿಲು ಹಾಕಿಕೊಂಡು ಸ್ಪಗೆಟಿ ಬೇಯಿಸಿಕೊಂಡು ತಿನ್ನುತ್ತಾಳೆ. ಪಾತ್ರೆ ಬಟ್ಟೆಗಳನ್ನೆಲ್ಲ ನೆಲಕ್ಕೆಸೆದು ನೀರು ಸುರಿದು ಉಜ್ಜುತ್ತಾಳೆ. ಬೂಟಿಗೆ ಪಾಲಿಶ್ ಹಾಕುತ್ತಾ ಹಾಕುತ್ತಾ ಬ್ರಷ್ಷು ಕಾಲ ಮೇಲೂ ಹರಿಯುತ್ತದೆ. ಬಾಗಿಲಿನ ಸಂದಿಗೆ ಟೇಪು ಅಂಟಿಸಿ ಗ್ಯಾಸು ತಿರುಗಿಸುತ್ತಾಳೆ. ಪರದೆ ಕಪ್ಪಾಗುತ್ತದೆ, ಸ್ಫೋಟದ ಸದ್ದು ಕೇಳುತ್ತದೆ. ನಗು ಬರುವಂತೆ ಮಾಡಿದ ಭಯಂಕರ ಚಿತ್ರ. ಅಡುಗೆಮನೆಯನ್ನು ಒಮ್ಮೆ ಸಿಡಿಸಿಬಿಟ್ಟ ಹುಡುಗಿ ಮುಂದೆ ಏಳು ವರ್ಷಕ್ಕೆ ಮತ್ತೆ ಅದೇ ಅಡುಗೆಮನೆಗೆ ಬಂದಳು. ಈ ಸಲ ಸಿಡಿಸಲಿಲ್ಲ, ಕೂತು ನೋಡಿದಳು.

ಆ ನೋಡುವ ಪಾಠ ಆದದ್ದು ನ್ಯೂಯಾರ್ಕಿನಲ್ಲಿ. 1971ರಲ್ಲಿ ಅಲ್ಲಿಗೆ ಹೋದ ಆಕರ್‌ಮನ್‌ಗೆ ಛಾಯಾಗ್ರಾಹಕಿ ಬಾಬೆತ್ ಮಾಂಗೋಲ್ತ್ ಪರಿಚಯವಾದರು. ಆಂಥಾಲಜಿ ಫಿಲ್ಮ್ ಆರ್ಕೈವ್ಸ್‌ನಲ್ಲಿ ಮೈಕಲ್ ಸ್ನೋ, ಜೋನಾಸ್ ಮೇಕಸ್ ಮುಂತಾದವರ ಚಿತ್ರಗಳನ್ನು ಕಂಡರು. ಕತೆಯಿಲ್ಲದೆ ಬರಿಯ ಕ್ಯಾಮೆರಾದ ಚಲನೆಯೂ ಎದೆ ಬಡಿತ ಏರಿಸಬಲ್ಲದು ಎಂದು ಅಲ್ಲಿ ತಿಳಿಯಿತು. ಹೊಟ್ಟೆಪಾಡಿಗೆ ನೀಲಿಚಿತ್ರ ತೋರಿಸುವ ಥಿಯೇಟರೊಂದರ ಟಿಕೆಟ್ ಕೌಂಟರಿನಲ್ಲಿ ಕೆಲಸ. ಆ ಗಲ್ಲಾಪೆಟ್ಟಿಗೆಯಿಂದ ಸ್ವಲ್ಪ ಸ್ವಲ್ಪ ಹಾರಿಸಿದ ದುಡ್ಡಿನಲ್ಲೇ ಮುಂದಿನ ಚಿತ್ರ ಮಾಡಿದೆ ಎಂದು ಅವರು ಸಂದರ್ಶನಗಳಲ್ಲಿ ನಾಚಿಕೆಯಿಲ್ಲದೆ ಹೇಳಿಕೊಂಡಿದ್ದಾರೆ. ಆ ದುಡ್ಡಿನ ಫಲ 1972ರ ‘ಹೋಟೆಲ್ ಮಾಂಟರೆ’: ಬಡ ಮುದುಕರು ತಂಗುವ ಅಗ್ಗದ ಹೋಟೆಲಿನಲ್ಲಿ ಕ್ಯಾಮೆರಾ ಒಂದು ಮಾತೂ ಇಲ್ಲದೆ, ಸದ್ದೂ ಇಲ್ಲದೆ, ಕೆಳಗಿನ ಪಡಸಾಲೆಯಿಂದ ಲಿಫ್ಟು, ಕಾರಿಡಾರು ದಾಟಿ ಬೆಳಗಾಗುವ ಹೊತ್ತಿಗೆ ತಾರಸಿ ತಲುಪುತ್ತದೆ. ಒಂದು ಗಂಟೆಯ ಚಿತ್ರ. ಖಾಲಿ ಕಾರಿಡಾರನ್ನು ಇಷ್ಟು ಹೊತ್ತು ನೋಡಿದರೆ ಅದೂ ನಮ್ಮನ್ನು ನೋಡತೊಡಗುತ್ತದೆ.

ಇನ್ನು ‘ಜಾನ್ ದೀಲ್ಮಾನ್’. ಪೂರ್ತಿ ಹೆಸರಿನಲ್ಲಿ ಆಕೆಯ ಮನೆ ನಂಬರು, ಬೀದಿ, ಪಿನ್ ಕೋಡು ಎಲ್ಲವೂ ಇದೆ: ‘ಜಾನ್ ದೀಲ್ಮಾನ್, 23, ಕೇ ದು ಕೊಮೆರ್ಸ್, 1080 ಬ್ರುಸೆಲ್’. ಅಂಚೆ ಲಕೋಟೆ ಮೇಲೆ ಬರೆಯುವ ವಿಳಾಸದಂಥ ಹೆಸರು. 201 ನಿಮಿಷ, ಒಬ್ಬ ವಿಧವೆಯ ಮೂರು ದಿನ. ಬೆಳಿಗ್ಗೆ ಎದ್ದು ಕಾಫಿ ಸೋಸುತ್ತಾಳೆ, ಮಗನ ಬೂಟಿಗೆ ಪಾಲಿಶ್ ಹಾಕುತ್ತಾಳೆ, ಹಾಸಿಗೆ ಮಡಿಸುತ್ತಾಳೆ, ಅಂಗಡಿಗೆ ಹೋಗುತ್ತಾಳೆ, ನೆರೆಮನೆಯವಳ ಕೂಸನ್ನು ಸ್ವಲ್ಪ ಹೊತ್ತು ನೋಡಿಕೊಳ್ಳುತ್ತಾಳೆ. ಒಂದು ಕೋಣೆ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಪ್ರತಿ ಸಲವೂ ದೀಪ ಆರಿಸುತ್ತಾಳೆ. ಮಧ್ಯಾಹ್ನ ಆಲೂಗಡ್ಡೆ ಒಲೆಯ ಮೇಲಿಟ್ಟ ಮೇಲೆ ಗಂಡಸೊಬ್ಬ ಬಂದು ಬೆಲ್ ಒತ್ತುತ್ತಾನೆ, ಮಲಗುವ ಕೋಣೆಯ ಬಾಗಿಲು ಮುಚ್ಚುತ್ತದೆ. ಅವನು ಕೊಟ್ಟ ದುಡ್ಡನ್ನು ಊಟದ ಮೇಜಿನ ಮೇಲಿನ ಪಿಂಗಾಣಿ ಸೂಪಿನ ಬೋಗುಣಿಯೊಳಗೆ ಹಾಕಿ ಮುಚ್ಚಳ ಮುಚ್ಚುತ್ತಾಳೆ. ನಮ್ಮ ಹೆಂಗಸರ ಸಾಸಿವೆ ಡಬ್ಬಿಯ ದುಡ್ಡು ಇದ್ದ ಹಾಗೆ. ಅದರಿಂದಲೇ ಸಂಸಾರ ನಡೆಯಬೇಕು. ಸಂಜೆ ಮಗ ಬರುತ್ತಾನೆ, ಸೂಪು ಕುಡಿಯುತ್ತಾರೆ, ಮಾತು ಕಡಿಮೆ.

ಎರಡನೆಯ ದಿನ ಹದ ತಪ್ಪುತ್ತದೆ. ಆ ದಿನ ಬಂದವನು ತುಸು ಹೆಚ್ಚು ಹೊತ್ತು ಉಳಿದ. ಕೋಣೆಯೊಳಗೆ ಏನಾಯಿತೆಂದು ನಮಗೆ ಕಾಣಿಸುವುದಿಲ್ಲ. ಕಾಣುವುದು ಇಷ್ಟೇ: ಜಾನ್ ಹೊರಬಂದಾಗ ತಲೆಗೂದಲು ಸ್ವಲ್ಪ ಕೆದರಿದೆ, ಒಲೆಯ ಮೇಲೆ ಆಲೂಗಡ್ಡೆ ಮಿತಿ ಮೀರಿ ಬೆಂದುಹೋಗಿದೆ. ಆ ಪಾತ್ರೆಯನ್ನು ಹಿಡಿದುಕೊಂಡು ಎಲ್ಲಿಡಬೇಕೆಂದು ತೋಚದೆ ಅವಳು ಮನೆಯೊಳಗೆ ಅಲೆದಾಡುತ್ತಾಳೆ. ಮತ್ತೆ ಅಂಗಡಿಗೆ ಹೋಗಿ ಆಲೂಗಡ್ಡೆ ತಂದು ಮೊದಲಿನಿಂದ ಸಿಪ್ಪೆ ಹೆರೆಯಲು ಕೂರುತ್ತಾಳೆ. ಕ್ಯಾಮೆರಾ ಎದುರಿಗಿದೆ, ಕದಲುವುದಿಲ್ಲ. ಚಾಕು ಸಿಪ್ಪೆಯ ಜೊತೆಗೆ ತಿರುಳನ್ನೂ ಒರಟಾಗಿ ಎತ್ತುತ್ತದೆ. ನಡುವೆ ಕೈ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಸಿನಿಮಾದ ಕಾರು ಅಪಘಾತಗಳು ನನಗೆ ಎಷ್ಟೋ ಮರೆತುಹೋಗಿವೆ. ಈ ಚಾಕು ಹೋಗಿಲ್ಲ.

ಇಲ್ಲೊಂದು ಸ್ವಂತದ ಮಾತು. ಈ ಚಿತ್ರವನ್ನು ನಾನು ಎರಡನೆಯ ಸಲ ಮನೆಯ ಟೀವಿಯಲ್ಲಿ ನೋಡುವಾಗ ಚಿಕ್ಕಮ್ಮ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಫ್ರೆಂಚ್ ಬಾರದು, ಕೆಳಗಿನ ಇಂಗ್ಲಿಷ್ ಅಕ್ಷರ ಓದುವ ವ್ಯವಧಾನವೂ ಇಲ್ಲ. ಆ ಎರಡನೆಯ ದಿನ, ಜಾನ್ ದುಡ್ಡು ಹಾಕಿ ಹೋದ ಕೂಡಲೇ ಅವರು ಅಂದರು: ‘ಅಯ್ಯೋ, ಮುಚ್ಚಳ ಹಾಕ್ಲಿಲ್ಲ ನೋಡು ಅವಳು. ಏನೋ ಆಗಿದೆ.’ ಮೊದಲ ಸಲ ನೋಡಿದಾಗ ಆ ಮುಚ್ಚಳ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಪುಸ್ತಕ ಓದಿ ಆಮೇಲೆ ತಿಳಿದುಕೊಂಡಿದ್ದೆ. ಪ್ರಾಯೋಗಿಕ ಸಿನಿಮಾ ಸಾಮಾನ್ಯರಿಗಲ್ಲ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ. ನಲವತ್ತು ವರ್ಷ ಅಡುಗೆಮನೆ ನಡೆಸಿದವರಿಗೆ ಅದು ಥ್ರಿಲ್ಲರ್.

ಮೂರನೆಯ ದಿನ ಅವಳಿಗೆ ಹೊತ್ತಿಗೆ ಮುಂಚೆ ಎಚ್ಚರವಾಗುತ್ತದೆ, ಕಾಫಿ ಎಷ್ಟು ಸಲ ಮಾಡಿದರೂ ಕೂಡಿಬರುವುದಿಲ್ಲ, ಯಾವಾಗಲೂ ಕೂರುವ ಕೆಫೆಯ ಜಾಗದಲ್ಲಿ ಇನ್ಯಾರೋ ಕೂತಿದ್ದಾರೆ. ಒಂದು ಗಂಟೆ ಖಾಲಿ ಉಳಿದುಬಿಟ್ಟಿದೆ, ಆ ಖಾಲಿಗೆ ಅವಳಲ್ಲಿ ಮದ್ದಿಲ್ಲ. ಕೆನಡಾದ ತಂಗಿ ಕಳಿಸಿದ ಪೊಟ್ಟಣ ಬಿಚ್ಚಲು ತಂದ ಕತ್ತರಿ ಮಲಗುವ ಕೋಣೆಯಲ್ಲೇ ಉಳಿಯುತ್ತದೆ. ಮಧ್ಯಾಹ್ನದ ಗಿರಾಕಿಯ ಕುತ್ತಿಗೆಗೆ ಇಳಿಯುವುದು ಅದೇ. ಕೊಲೆಯ ಮೇಲೂ ಕ್ಯಾಮೆರಾ ಆಲೂಗಡ್ಡೆಗಿಂತ ಹೆಚ್ಚಿನ ಮಮಕಾರ ತೋರಿಸುವುದಿಲ್ಲ. ಆಮೇಲೆ ಅವಳು ಊಟದ ಮೇಜಿನ ಮುಂದೆ ಕತ್ತಲಲ್ಲಿ ಕೂರುತ್ತಾಳೆ. ನಾವೂ ಕೂರಬೇಕು, ನಿಮಿಷಗಟ್ಟಲೆ.

ಪಾತ್ರಕ್ಕೆ ಡೆಲ್ಫಿನ್ ಸೇರಿಗ್ ಅವರನ್ನು ಆರಿಸಿದ್ದರಲ್ಲೇ ಅರ್ಧ ಚಿತ್ರ ಮುಗಿದಿತ್ತು ಅನ್ನಬಹುದು. ‘ಲಾಸ್ಟ್ ಇಯರ್ ಅಟ್ ಮಾರಿಯನ್‌ಬಾದ್’ನ ಆ ಗಂಭೀರ ಸುಂದರಿ ಪಾತ್ರೆ ತೊಳೆಯುವುದನ್ನು ಯಾರೂ ಕಂಡಿರಲಿಲ್ಲ. ಪಾತ್ರೆ ತೊಳೆದು ಅಭ್ಯಾಸವಿರುವಂತೆ ಕಾಣುವ ಹೆಂಗಸನ್ನು ಹಾಕಿದ್ದರೆ ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ, ಏಕೆಂದರೆ ಅಂಥವರನ್ನು ನಾವು ನೋಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ ಎಂಬುದು ನಿರ್ದೇಶಕಿಯ ತರ್ಕ. ತಾಲೀಮಿನ ವಿಡಿಯೊ ಉಳಿದಿದೆ, ನಟ ಸಾಮಿ ಫ್ರೇ ತೆಗೆದದ್ದು. ಅನುಭವಿ ನಟಿ ಪ್ರತಿಯೊಂದಕ್ಕೂ ಕಾರಣ ಕೇಳುತ್ತಾರೆ. ಇಪ್ಪತ್ತನಾಲ್ಕರ ನಿರ್ದೇಶಕಿ ತಡವರಿಸುತ್ತಾ, ನಗುತ್ತಾ, ಮಾಡಿ ತೋರಿಸುತ್ತಾ ತನ್ನ ಪಟ್ಟು ಬಿಡುವುದಿಲ್ಲ. ಕ್ಯಾಮೆರಾವನ್ನು ಕುಳ್ಳಗಿದ್ದ ಆಕರ್‌ಮನ್ ತಮ್ಮ ಕಣ್ಣಿನ ಎತ್ತರಕ್ಕೇ ಇಡಿಸಿದ್ದರು. ಕ್ಯಾಮೆರಾ ಹಿಡಿದವರು ಮಾಂಗೋಲ್ತ್, ತಂಡದಲ್ಲಿ ಬಹುಪಾಲು ಹೆಂಗಸರು, ದುಡ್ಡು ಮುಖ್ಯವಾಗಿ ಬೆಲ್ಜಿಯಂ ಸರ್ಕಾರದ ಸಹಾಯಧನ. ಜಾನ್‌ಳ ಕೈಯ ಚಲನೆಗಳನ್ನು ಎಲ್ಲಿಂದ ತಂದಿರಿ ಎಂದು ಕೇಳಿದರೆ ಆಕರ್‌ಮನ್ ತಾಯಿಯ ಕಡೆ, ಚಿಕ್ಕಮ್ಮ ಅತ್ತೆಯರ ಕಡೆ ಬೊಟ್ಟು ಮಾಡುತ್ತಿದ್ದರು.

1975ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ಡೈರೆಕ್ಟರ್ಸ್ ಫೋರ್ಟ್‌ನೈಟ್ ವಿಭಾಗದಲ್ಲಿ ಮೊದಲ ಪ್ರದರ್ಶನ. ಜನ ಒಬ್ಬೊಬ್ಬರೇ ಎದ್ದು ಹೋದರು, ಮಡಚುವ ಕುರ್ಚಿಗಳು ಪಟಪಟನೆ ಬಡಿದುಕೊಂಡವು. ಹಿಂದಿನ ಸಾಲಿನಲ್ಲಿ ಕೂತು ಆ ಸದ್ದು ಕೇಳಿದ್ದನ್ನು ಆಕರ್‌ಮನ್ ಮರೆಯಲಿಲ್ಲ. ಮರುದಿನವೇ ಬೇರೆ ಉತ್ಸವಗಳ ಆಹ್ವಾನಗಳು ಬರತೊಡಗಿದವು. ಅಮೆರಿಕದ ಥಿಯೇಟರಿಗೆ ಚಿತ್ರ ಬರಲು ಮಾತ್ರ 1983 ಆಗಬೇಕಾಯಿತು. ಅಷ್ಟರಲ್ಲಿ ಆಕರ್‌ಮನ್ ಮೇಲೆ ಚೀಟಿಗಳು ಅಂಟಿದ್ದವು: ಸ್ತ್ರೀವಾದಿ ನಿರ್ದೇಶಕಿ, ಸಲಿಂಗಿ ನಿರ್ದೇಶಕಿ, ಯಹೂದಿ ನಿರ್ದೇಶಕಿ. ಮೂರೂ ಸುಳ್ಳಲ್ಲ. ಆದರೆ ಅವರು ಒಂದೊಂದನ್ನೂ ಕಿತ್ತು ಹಾಕುತ್ತಾ ಹೋದರು. ಅಭಿಮಾನಿಗಳಿಗೆ ಇದರಿಂದ ಬೇಸರವಾದದ್ದೂ ಉಂಟು. ನನಗೆ ಅದು ಹಟಮಾರಿತನ ಅನ್ನಿಸುವುದಿಲ್ಲ. ವಿಳಾಸವನ್ನೇ ಹೆಸರಾಗಿಟ್ಟವರಿಗೆ, ಹೆಸರಿನ ಬದಲು ವರ್ಗ ಬರೆದರೆ ಕಾಗದ ಯಾರಿಗೂ ತಲುಪುವುದಿಲ್ಲ ಎಂದು ಗೊತ್ತಿತ್ತು.

ಕಾಗದದ ಮಾತು ಬಂತು. ನನ್ನನ್ನು ಕೇಳಿದರೆ ಪೀಠದ ಮೇಲೆ ಕೂರಿಸಬೇಕಾದ ಚಿತ್ರ 1977ರ ‘ನ್ಯೂಸ್ ಫ್ರಮ್ ಹೋಮ್’. ನ್ಯೂಯಾರ್ಕಿನಲ್ಲಿದ್ದಾಗ ತಾಯಿ ಬರೆದ ಕಾಗದಗಳನ್ನು ಆಕರ್‌ಮನ್ ತಮ್ಮ ಧ್ವನಿಯಲ್ಲೇ, ಏರಿಳಿತವಿಲ್ಲದೆ, ಬೇಗ ಬೇಗ ಓದುತ್ತಾ ಹೋಗುತ್ತಾರೆ. ಯಾಕೆ ಬರೆಯಲಿಲ್ಲ, ಕಳಿಸಿದ ಬಟ್ಟೆ ಸಿಕ್ಕಿತೆ, ಅಪ್ಪನಿಗೆ ಹುಷಾರಿಲ್ಲ, ವ್ಯಾಪಾರ ಅಷ್ಟಕ್ಕಷ್ಟೆ, ನಿನ್ನದೇ ಯೋಚನೆ, ಆದರೆ ನೀನು ನಿನ್ನಿಷ್ಟದಂತೆ ಇರು. ಮನೆ ಬಿಟ್ಟು ದೂರ ಇದ್ದ ಯಾರಿಗೂ ಗೊತ್ತಿರುವ ಕಾಗದಗಳು. ಪರದೆಯ ಮೇಲೆ ಮಾತ್ರ ಮನೆಯಿಲ್ಲ, ತಾಯಿಯಿಲ್ಲ. ಮ್ಯಾನ್‌ಹಟನ್ನಿನ ಖಾಲಿ ಗಲ್ಲಿಗಳು, ಸುರಂಗ ರೈಲಿನ ಪ್ಲಾಟ್‌ಫಾರ್ಮುಗಳು, ಕ್ಯಾಮೆರಾವನ್ನು ಅನುಮಾನದಿಂದ ನೋಡುವ ಪ್ರಯಾಣಿಕರು. ರೈಲು ಬಂದಾಗ ಅದರ ಸದ್ದಿನಲ್ಲಿ ತಾಯಿಯ ಅರ್ಧ ವಾಕ್ಯ ಮುಳುಗಿಹೋಗುತ್ತದೆ. ಮಗಳು ಮತ್ತೆ ಓದುವುದಿಲ್ಲ. ಮಗಳ ಉತ್ತರವನ್ನಂತೂ ನಾವು ಕೇಳುವುದೇ ಇಲ್ಲ. ಈ ಚಿತ್ರವೇ ಅದಿರಬೇಕು. ಕಡೆಯಲ್ಲಿ ಫೆರಿ ದೋಣಿಯ ಮೇಲಿಂದ ತೆಗೆದ ಒಂದೇ ಶಾಟು: ನಗರ ಮಂಜಿನಲ್ಲಿ ಹಿಂದೆ ಹಿಂದೆ ಸರಿಯುತ್ತದೆ, ಅವಳಿ ಗೋಪುರಗಳು ತಲೆ ಮುಚ್ಚಿಕೊಂಡು ನಿಂತಿವೆ, ಕಡಲಹಕ್ಕಿಗಳು ಕೂಗುತ್ತವೆ. ಇಂದು ನೋಡುವವರಿಗೆ ಆ ಗೋಪುರಗಳಿಗೆ ಬೇರೆ ಅರ್ಥ ಬಂದಿದೆ, ಅದಕ್ಕೆ ಆಕರ್‌ಮನ್ ಹೊಣೆಯಲ್ಲ.

ನಡುವಿನ ವರ್ಷಗಳನ್ನು ಬೇಗ ದಾಟುತ್ತೇನೆ, ಎಲ್ಲವೂ ಗಟ್ಟಿ ಕಾಳಲ್ಲ. 1978ರ ‘ಲೇ ರಾಂದೆವೂ ದಾನಾ’ದಲ್ಲಿ ಮಗಳು ಹೋಟೆಲಿನ ಹಾಸಿಗೆಯಲ್ಲಿ ತಾಯಿಯ ಪಕ್ಕ ಮಲಗಿ, ತಾನು ಹೆಣ್ಣೊಬ್ಬಳನ್ನು ಪ್ರೀತಿಸಿದ್ದನ್ನು ಹೇಳುವ ದೃಶ್ಯವಿದೆ, ಅಷ್ಟು ಮೃದುವಾಗಿ ಅದನ್ನು ಇನ್ನಾರೂ ತೆಗೆದಿಲ್ಲ. 1986ರ ‘ಗೋಲ್ಡನ್ ಎಯ್ಟೀಸ್’ ಶಾಪಿಂಗ್ ಕಾಂಪ್ಲೆಕ್ಸಿನಲ್ಲಿ ನಡೆಯುವ ಹಾಡು ಕುಣಿತದ ಚಿತ್ರ. ಕ್ಷೌರದಂಗಡಿ ಹುಡುಗಿಯರ ಕೋರಸ್ಸಿನ ನಡುವೆ ಬಟ್ಟೆ ಅಂಗಡಿಯ ಒಡತಿಯಾಗಿ ಮತ್ತೆ ಸೇರಿಗ್ ನಿಂತಿದ್ದಾರೆ. ಪಾತ್ರದ ಹೆಸರು ಮತ್ತೆ ಜಾನ್. ಈ ಸಲ ಶಿಬಿರದಿಂದ ಬದುಕಿ ಬಂದವಳು. ನೆಲ್ಲಿಯ ಮೌನ ಹಾಡಿನ ಮಧ್ಯೆಯೂ ನುಸುಳಿತು. 1996ರಲ್ಲಿ ಜೂಲಿಯೆಟ್ ಬಿನೋಶ್, ವಿಲಿಯಂ ಹರ್ಟ್ ಅವರನ್ನಿಟ್ಟುಕೊಂಡು ಮಾಡಿದ ‘ಎ ಕೌಚ್ ಇನ್ ನ್ಯೂಯಾರ್ಕ್’ ಮಾತ್ರ ಅತ್ತ ಪ್ರೇಮಹಾಸ್ಯವೂ ಆಗಲಿಲ್ಲ, ಇತ್ತ ಆಕರ್‌ಮನ್ ಚಿತ್ರವೂ ಆಗಲಿಲ್ಲ. ಖರ್ಚಿನ ಕಡೆ ಬರೆಯಬೇಕಾದದ್ದು.

ಜಮೆಯ ಕಡೆ ದೊಡ್ಡ ಮೊತ್ತ 1993ರ ‘ದೆಸ್ತ್’. ಸೋವಿಯತ್ ಒಕ್ಕೂಟ ಒಡೆದ ಹೊಸತರಲ್ಲಿ ಆಕರ್‌ಮನ್ ಪೂರ್ವ ಜರ್ಮನಿಯಿಂದ ಪೋಲೆಂಡು, ಉಕ್ರೇನ್ ದಾಟಿ ಮಾಸ್ಕೋವರೆಗೆ ಹೋದರು. ತಾಯಿಯ ಕಡೆಯವರು ಬಿಟ್ಟುಬಂದ ಸೀಮೆ. ಚಿತ್ರದಲ್ಲಿ ಹೇಳುವವರಿಲ್ಲ, ಸಬ್‌ಟೈಟಲ್ ಇಲ್ಲ. ಬೇಸಗೆ ಮುಗಿದು ಹಿಮ ಬೀಳುತ್ತದೆ. ಕ್ಯಾಮೆರಾ ನಿಧಾನಕ್ಕೆ ಪಕ್ಕಕ್ಕೆ ಸರಿಯುತ್ತಾ ಬಸ್ಸಿಗೆ ಕಾದು ನಿಂತವರನ್ನು, ರೈಲು ನಿಲ್ದಾಣದಲ್ಲಿ ಗಂಟುಮೂಟೆಯ ಮೇಲೆ ಮಲಗಿದವರನ್ನು ಒಬ್ಬೊಬ್ಬರಾಗಿ ತೋರಿಸುತ್ತದೆ. ಯಾಕೆ ಕಾಯುತ್ತಿದ್ದಾರೆ, ಗೊತ್ತಿಲ್ಲ. ಸಾಲಾಗಿ, ಕೋಟು ಹೊದ್ದು, ಕೈಯಲ್ಲಿ ಚೀಲ ಹಿಡಿದು ನಿಂತ ಜನ. ಆ ಸಾಲು ಬೇರೆ ಯಾವ ಸಾಲನ್ನು ನೆನಪಿಸುತ್ತಿದೆ ಎಂದು ಚಿತ್ರ ಮುಗಿಯುವ ಹೊತ್ತಿಗೆ ಹೊಳೆಯುತ್ತದೆ. ತಮಗೂ ಮುಗಿಸಿದ ಮೇಲೇ ಹೊಳೆದದ್ದು ಎಂದು ಆಕರ್‌ಮನ್ ಹೇಳಿಕೊಂಡಿದ್ದಾರೆ. ಅದೇ ತುಣುಕುಗಳನ್ನು 1995ರಲ್ಲಿ 24 ಮಾನಿಟರುಗಳ ಮೇಲೆ ಹರಡಿ ಗ್ಯಾಲರಿಗಳಲ್ಲಿ ತೋರಿಸಿದರು. ಚಿತ್ರನಿರ್ದೇಶಕರು ಗ್ಯಾಲರಿಗೆ ಹೋಗುವುದು ಈಗ ಮಾಮೂಲು. ಮೊದಲು ಹೊರಟವರಲ್ಲಿ ಇವರೊಬ್ಬರು.

1999ರ ‘ಸೂದ್’ ಅದೇ ದಾರಿಯ ಮುಂದಿನ ಹೆಜ್ಜೆ. ಅಮೆರಿಕದ ಟೆಕ್ಸಸ್ ರಾಜ್ಯದ ಜಾಸ್ಪರ್ ಎಂಬ ಊರಲ್ಲಿ 1998ರ ಜೂನ್‌ನಲ್ಲಿ ಜೇಮ್ಸ್ ಬರ್ಡ್ ಎಂಬ ಕಪ್ಪು ಮನುಷ್ಯನನ್ನು ಮೂವರು ಬಿಳಿಯರು ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿ ಎಳೆದು ಕೊಂದರು. ಆಕರ್‌ಮನ್ ಕೊಲೆಯನ್ನು ಅಭಿನಯಿಸಿ ತೋರಿಸಲಿಲ್ಲ. ಕಾರಿನ ಹಿಂದೆ ಕ್ಯಾಮೆರಾ ಇಟ್ಟು ಆ ರಸ್ತೆಯನ್ನೇ, ಎಳೆದ ಅಷ್ಟೂ ದೂರ, ಕತ್ತರಿಸದೆ ತೋರಿಸಿದರು. ಹೊತ್ತು ಹೋಗುವುದು ಗೊತ್ತಾಗಬೇಕು ಎಂಬ ಹಟ ಇಲ್ಲಿ ಕಲೆಯ ಮಾತಾಗಿ ಉಳಿಯುವುದಿಲ್ಲ. ಅಷ್ಟು ದೂರ, ಅಷ್ಟು ಹೊತ್ತು, ಒಬ್ಬ ಮನುಷ್ಯ.

ಆಕರ್‌ಮನ್ ಅವರಿಂದ ಕಲಿತವರ ಪಟ್ಟಿಯಲ್ಲಿ ಗಸ್ ವಾನ್ ಸಾಂಟ್, ಟಾಡ್ ಹೇನ್ಸ್ ಅಂಥ ಹೆಸರುಗಳಿವೆ. ‘ನಿಧಾನ ಸಿನಿಮಾ’ ಎಂಬುದು ಈಗ ಚಿತ್ರೋತ್ಸವಗಳಲ್ಲಿ ಒಂದು ಜಾತಿಯೇ ಆಗಿದೆ. ಇದರಲ್ಲಿ ಎಷ್ಟೋ ಭಾಗ ನನಗೆ ಸುಮ್ಮನೆ ನಿಧಾನ. ಆಕರ್‌ಮನ್ ನಿಧಾನಿಯಲ್ಲ. ಜಾನ್‌ಳ ಅಡುಗೆ ಎಷ್ಟು ನಿಮಿಷ ಹಿಡಿಯುತ್ತದೋ ಅಷ್ಟು ನಿಮಿಷ ಕೊಟ್ಟರು, ಅದಕ್ಕಿಂತ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಅಳತೆ ಅಡುಗೆಯದು, ನಿರ್ದೇಶಕಿಯದಲ್ಲ. ಈ ವ್ಯತ್ಯಾಸ ತಿಳಿಯದ ಶಿಷ್ಯರು ಬಹಳ. ಆಕರ್‌ಮನ್ ಅವರ ಚಿತ್ರಗಳನ್ನು ಬ್ರಸೆಲ್ಸಿನ ಸಿನೆಮಾಟೆಕ್ ಸಂಗ್ರಹಾಲಯ ಒಂದೊಂದಾಗಿ ಸಂಸ್ಕರಿಸಿ ಹೊಸದು ಮಾಡುತ್ತಿದೆ. 2024ರಲ್ಲಿ ಬ್ರಸೆಲ್ಸಿನಲ್ಲೂ ಆಮೇಲೆ ಪ್ಯಾರಿಸ್ಸಿನಲ್ಲೂ ದೊಡ್ಡ ಪ್ರದರ್ಶನ ನಡೆಯಿತು. ನೋಡಲು ಸಿಗುವುದಿಲ್ಲ ಎಂಬ ನೆಪ ಮುಂಚಿನಷ್ಟು ಗಟ್ಟಿಯಾಗಿ ಉಳಿದಿಲ್ಲ.

ನೆಲ್ಲಿ 2014ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರ ಕಡೆಯ ತಿಂಗಳುಗಳಲ್ಲಿ ಮಗಳು ಸಣ್ಣ ಕ್ಯಾಮೆರಾ, ಕೆಲವೊಮ್ಮೆ ಫೋನು ಹಿಡಿದು ಮನೆಯೊಳಗೆ ತೆಗೆದದ್ದೇ ‘ನೋ ಹೋಮ್ ಮೂವಿ’. ದೂರದ ಊರಿನಿಂದ ಸ್ಕೈಪಿನಲ್ಲಿ ಮಾತಾಡುತ್ತಾ ತಾಯಿಯನ್ನೇ ಚಿತ್ರೀಕರಿಸುತ್ತಾರೆ; ಯಾಕೆ ಎಂದು ತಾಯಿ ಕೇಳಿದರೆ, ಲೋಕದಲ್ಲಿ ಇನ್ನು ದೂರ ಎಂಬುದಿಲ್ಲ ಅಂತ ತೋರಿಸಬೇಕು ಎನ್ನುತ್ತಾರೆ. ತಾಯಿಗೆ ಅಷ್ಟು ಸಾಕು, ಮಗಳ ಮುಖ ಕಂಡಿತಲ್ಲ. ಅಡುಗೆಮನೆಯ ಮೇಜಿನ ಮುಂದೆ ಇಬ್ಬರೂ ಕೂತು ಉಣ್ಣುತ್ತಾರೆ. ಮಗಳು ಹಳೆಯದನ್ನು ಕೆದಕುತ್ತಾಳೆ, ತಾಯಿ ಸ್ವಲ್ಪ ಹೇಳಿ ಮಾತು ತಿರುಗಿಸುತ್ತಾಳೆ. 2015ರ ಆಗಸ್ಟಿನಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದು ತೆರೆ ಕಂಡಾಗ ಕೆಲವರು ಕೂಗಿ ಅಣಕಿಸಿದರು. ಅಕ್ಟೋಬರ್ 5ರಂದು ಆಕರ್‌ಮನ್ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಆತ್ಮಹತ್ಯೆ ಎಂದು ಫ್ರೆಂಚ್ ಪತ್ರಿಕೆಗಳು ಬರೆದವು. ಅರವತ್ತೈದು ವರ್ಷ. ಆ ಸಾವಿನ ಬೆಳಕಿನಲ್ಲಿ ಮೊದಲ ಚಿತ್ರದ ಗ್ಯಾಸ್ ಒಲೆಯಿಂದ ಹಿಡಿದು ಎಲ್ಲವನ್ನೂ ಹಿಂದುಮುಂದಾಗಿ ಓದುವವರಿದ್ದಾರೆ. ಹಾಗೆ ಓದಿದರೆ ಹುಡುಗಿಯ ಗುನುಗು ಕೇಳಿಸುವುದಿಲ್ಲ, ಗೋಲ್ಡನ್ ಎಯ್ಟೀಸಿನ ಕುಣಿತ ಕಾಣುವುದಿಲ್ಲ.

‘ನೋ ಹೋಮ್ ಮೂವಿ’ ಶುರುವಾಗುವುದು ಮರುಭೂಮಿಯ ಒಂದು ಮರದಿಂದ. ಗಾಳಿ ಅದನ್ನು ನಿಮಿಷಗಟ್ಟಲೆ ಬಗ್ಗಿಸುತ್ತದೆ, ಮರ ಬೀಳುವುದಿಲ್ಲ. ಕೊನೆಗೆ ಆಕರ್‌ಮನ್ ತಮ್ಮ ಕೋಣೆಯಲ್ಲಿ ಕೂತು ಬೂಟಿನ ದಾರ ಕಟ್ಟಿಕೊಂಡು ಎದ್ದು ಕಿಟಕಿಯ ಪರದೆ ಎಳೆಯುತ್ತಾರೆ. ಆಮೇಲೆ ಖಾಲಿ ಮನೆ. ಕ್ಯಾಮೆರಾ ಅಲ್ಲೇ ಇದೆ, ಸ್ವಲ್ಪ ಹೊತ್ತು.